ಅವರ ಬದುಕಿನ ಬಗ್ಗೆ ಬರೆಯುವ ಮುಂಚೆ ಅವರನ್ನು ಕೇಳಿ: ಸಂಶೋಧನಾ ಮಾರ್ಗದರ್ಶಕರಿಗೆ ಒಂದು ಬಹಿರಂಗ ಪತ್ರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಸಮಾಜಕಾರ್ಯ, ಸಮಾಜಶಾಸ್ತ್ರ, ಮನಃಶಾಸ್ತ್ರ, ಶಿಕ್ಷಣ ವಿಭಾಗಗಳ ಸಂಶೋಧನಾ ವಿದ್ಯಾರ್ಥಿಗಳಿಗೆ ದಾರಿ ತೋರಿಸುವ ಎಲ್ಲ ಗುರುಗಳಿಗೆ, ಅವರ ಪ್ರಸ್ತಾವಗಳಿಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಗಳ ಸದಸ್ಯರಿಗೆ,

ಶರಣು ಶರಣಾರ್ಥಿ.

ನಾನು ಕಲಬುರಗಿಯಲ್ಲಿ ವಿಶೇಷ ಶಿಕ್ಷಕಿ. ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ಜೊತೆ, ಬೆಳೆದು ದೊಡ್ಡವರಾದವರ ಜೊತೆ ದಿನಾ ಇರುತ್ತೇನೆ. ನಿಮ್ಮ ವಿದ್ಯಾರ್ಥಿಗಳು ಸಂದರ್ಶನಕ್ಕೆ ಬಂದಾಗ ಮನೆ ತೋರಿಸುವುದು, ತಾಯಂದಿರಿಗೆ ಪರಿಚಯ ಮಾಡಿಸುವುದು, ಮಾತು ತಿಳಿಯದಿದ್ದರೆ ತಿಳಿಸಿ ಹೇಳುವುದು ಹೆಚ್ಚಾಗಿ ನನ್ನ ಪಾಲಿಗೆ ಬರುತ್ತದೆ. ಪ್ರಬಂಧ ಮುಗಿದ ಮೇಲೆ ಕೇಳಿ ತರಿಸಿಕೊಂಡು ಓದುತ್ತೇನೆ. ‘ಬೌದ್ಧಿಕ ಅಂಗವೈಕಲ್ಯ ಉಳ್ಳವರ ಜೀವನ ಗುಣಮಟ್ಟ’, ‘ಅವರ ಉದ್ಯೋಗದ ಸಮಸ್ಯೆಗಳು’ ಅಂತ ಮೇಲೆ ಹೆಸರಿರುತ್ತದೆ. ಒಳಗೆ ಮಾತಾಡಿದವರು ತಾಯಿ, ತಂದೆ, ಶಿಕ್ಷಕರು, ವೈದ್ಯರು. ಯಾರ ಜೀವನ, ಯಾರ ಉದ್ಯೋಗ ಅಂತ ಹೆಸರಿದೆಯೋ ಅವರ ಬಾಯಿಂದ ಬಂದ ಒಂದು ಸಾಲೂ ಇರುವುದಿಲ್ಲ.

ನಾನು ಕೇಳುವುದು ಇಷ್ಟೆ. ಇವರ ಬದುಕಿನ ಬಗ್ಗೆ ಸಂದರ್ಶನ ಮಾಡಿ ಬರೆಯುವ ಯಾವ ಅಧ್ಯಯನವಾದರೂ ಮೊದಲು ಇವರನ್ನೇ ಕೇಳಬೇಕು. ಕೇಳಲು ಆಗಲೇ ಇಲ್ಲ ಅಂದರೆ ಏನೇನು ಮಾಡಿ ನೋಡಿದೆವು, ಯಾಕೆ ಆಗಲಿಲ್ಲ ಅಂತ ವಿದ್ಯಾರ್ಥಿ ಬರೆಯಬೇಕು. ಈಗ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಪ್ರಬಂಧದ ಮೌಖಿಕ ಪರೀಕ್ಷೆಯಲ್ಲೂ, ಅಂದರೆ ವೈವಾದಲ್ಲೂ, ಕೇಳುವುದಿಲ್ಲ.

ಆಳಂದ ಕಡೆಯ ಒಬ್ಬ ಯುವಕನ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಊರು, ಕೆಲಸದ ಜಾಗ, ಮನೆಯವರ ಸಂಬಂಧ ಎಲ್ಲ ಬದಲಿಸಿದ್ದೇನೆ. ಬರೆಯಲಾ ಅಂತ ಅವನನ್ನು ಕೇಳಿ, ಬೇರೆ ದಿನ ಮತ್ತೆ ಕೇಳಿ, ಎರಡೂ ಸಲ ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಅವನು ಖಾನಾವಳಿಯಲ್ಲಿ ತಾಟು ತೊಳೆಯುತ್ತಾನೆ, ಟೇಬಲ್ಲಿಗೆ ನೀರು ಇಡುತ್ತಾನೆ. ಅವನ ಅಂಗವಿಕಲರ ಕಾರ್ಡಿನಲ್ಲಿ ವೈಕಲ್ಯ ಶೇ. 75 ಅಂತ ಇದೆ. ಮೊದಲು ಒಬ್ಬ ವಿದ್ಯಾರ್ಥಿ ಮನೆಗೆ ಬಂದಾಗ ತಾಯಿ, "ಅವಂಗೇನ್ ತಿಳೀತದ್ರಿ, ನನಗೇ ಕೇಳ್ರಿ" ಅಂದರು. ವಿದ್ಯಾರ್ಥಿ ಹಾಗೇ ಮಾಡಿದ. ಮಗ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಉದ್ಯೋಗದಲ್ಲಿ ತೃಪ್ತಿ ಇದೆ, ಗಳಿಕೆ ಇದೆ, ಸಮಸ್ಯೆ ಇಲ್ಲ ಅಂತ ದಾಖಲಾಯಿತು.

ಆಮೇಲೆ ಇನ್ನೊಬ್ಬ ವಿದ್ಯಾರ್ಥಿನಿ ಬಂದಳು. ಅವಳು ಮನೆಗೆ ಹೋಗಲಿಲ್ಲ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಖಾನಾವಳಿಗೆ ಹೋಗಿ, ಅವನು ತಾಟು ಒರೆಸಿ ಜೋಡಿಸುವಾಗ ಪಕ್ಕದಲ್ಲೇ ನಿಂತು ತಾನೂ ಒರೆಸಿದಳು. ಮೊದಲ ಸಲ ಹೋದಾಗ ಏನೂ ಕೇಳಲಿಲ್ಲ. ಇನ್ನೊಂದು ಸಲ ಹೋದಾಗ ಸಂಬಳ ಎಷ್ಟು ಅಂತ ಕೇಳುವ ಬದಲು ಪರ್ಸ್‌ನಿಂದ ಬೇರೆ ಬೇರೆ ನೋಟು ತೆಗೆದು ಟೇಬಲ್ ಮೇಲೆ ಹರಡಿ, ಇಲ್ಲಿ ಕೆಲಸ ಮಾಡಿದರೆ ಯಾವುದು ಕೊಡುತ್ತಾರೆ ಅಂದಳು. ಅವನು ಇನ್ನೂರರ ನೋಟು ಮುಟ್ಟಿ, "ಹಳದಿ ನೋಟ ಅಣ್ಣ ತೊಗೋತಾನ" ಅಂದ. ಹತ್ತರ ನೋಟು ಎತ್ತಿಕೊಂಡು, "ಚಾಕಲೇಟ್ ನೋಟ ನಂದು" ಅಂದ. ಎಣಿಸಲು ಬಾರದವನು ಬಣ್ಣದ ಮೇಲೆ ತನ್ನ ಲೆಕ್ಕ ಸರಿಯಾಗಿ ಹೇಳಿದ. ನಿನಗೆ ಏನು ಬೇಕು ಅಂದಾಗ ಎದ್ದು ಹೋಗಿ ಗಲ್ಲಾದ ಹತ್ತಿರ ನಿಂತು, ಅದರ ಮೇಲೆ ಕೈ ಇಟ್ಟ. "ಇಲ್ಲಿ ಕೂಡ್ತೀನಿ."

ತಾಯಿ ಸುಳ್ಳು ಹೇಳಿರಲಿಲ್ಲ. ಆಕೆ ಖಾನಾವಳಿ ಒಳಗೆ ಕಾಲಿಟ್ಟವರಲ್ಲ. ಮಗ ದುಡಿಯಲು ಹೋಗುತ್ತಾನೆ, ಹೊಟ್ಟೆ ತುಂಬ ಉಂಡು ಬರುತ್ತಾನೆ, ಅಷ್ಟು ಆಕೆಗೆ ಗೊತ್ತು. ಕಾಣುವ ಸಂಗತಿಗಳನ್ನು, ಅಂದರೆ ಔಷಧ, ಊಟ, ಓಡಾಟ ಇಂಥವನ್ನು, ಮನೆಯವರು ಚೆನ್ನಾಗಿಯೇ ಹೇಳುತ್ತಾರೆ. ಒಳಗಿನ ಮಾತಿಗೆ ಬಂದಾಗ, ಬೇಸರ, ಆಸೆ, ಭಯ, ಯಾರು ಇಷ್ಟ ಅನ್ನುವಲ್ಲಿ, ಬೇರೆಯವರು ಹೇಳುವುದಕ್ಕೂ ಅವರೇ ಹೇಳುವುದಕ್ಕೂ ಬಹಳ ಸಲ ತಾಳೆ ಆಗುವುದಿಲ್ಲ. ನಮಗೂ ಹಾಗೇ ಅಲ್ವಾ? ನನಗೆ ಏನು ಬೇಕು ಅಂತ ನನ್ನ ಅವ್ವನನ್ನು ಕೇಳಿ ಯಾರಾದರೂ ಬರೆದುಕೊಂಡರೆ ನಾನು ಒಪ್ಪುವುದಿಲ್ಲ. ತಾಯಿಯ ಸಂದರ್ಶನ ಬೇಡ ಅಂತ ನಾನು ಹೇಳುತ್ತಿಲ್ಲ. ಖಂಡಿತ ಮಾಡಿ. ಅದನ್ನು ತಾಯಿಯ ಮಾತು ಅಂತಲೇ ಬರೆಯಿರಿ, ತಾಯಿಯ ಕಷ್ಟ, ತಾಯಿಯ ಅನಿಸಿಕೆ ಅಂತ. ಮಗನ ಮಾತಿನ ಜಾಗದಲ್ಲಿ ಅದನ್ನು ಇಡಬೇಡಿ.

ನೈತಿಕ ಸಮಿತಿಯವರಿಗೆ ಈಗ ಒಂದು ಮಾತು. ಸಾಧಾರಣವಾಗಿ ಪ್ರಸ್ತಾವದಲ್ಲಿ ‘ತಿಳಿದು ಒಪ್ಪಿಗೆ ಕೊಡಲು ಆಗದವರನ್ನು ಕೈಬಿಡಲಾಗುವುದು’ ಅಂತ ಒಂದು ಸಾಲು ಇರುತ್ತದೆ. ರಕ್ಷಣೆಗಾಗಿ ಹಾಕಿದ ಸಾಲು ಅದು, ಉದ್ದೇಶ ಒಳ್ಳೆಯದೇ. ಆದರೆ ಆ ಒಂದು ಸಾಲಿನಿಂದ ಇವರೆಲ್ಲ ಒಂದೇ ಏಟಿಗೆ ಹೊರಗೆ ಉಳಿಯುತ್ತಾರೆ. ಒಪ್ಪಿಗೆ ಕೊಡಲು ಆಗುತ್ತದೋ ಇಲ್ಲವೋ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಕಾರ್ಡ್ ನೋಡಿ ತೀರ್ಮಾನ ಆಗಿರುತ್ತದೆ.

ಕಾನೂನು ಹೇಳುವುದು ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 6ನೇ ಸೆಕ್ಷನ್ ಓದಿ. ಅಂಗವಿಕಲ ವ್ಯಕ್ತಿಯ ಮೇಲೆ ಸಂಶೋಧನೆ ಮಾಡಬೇಕಾದರೆ ಆ ವ್ಯಕ್ತಿಯ ಸ್ವಂತ ಒಪ್ಪಿಗೆ ಬೇಕು, ಅದನ್ನು ಅವರಿಗೆ ತಿಳಿಯುವ ರೀತಿಯಲ್ಲಿ, ಅವರಿಗೆ ಒಗ್ಗುವ ಮಾಧ್ಯಮದಲ್ಲಿ ಕೇಳಿ ಪಡೆಯಬೇಕು ಅಂತ ಅಲ್ಲಿದೆ. ಅದರ ಜೊತೆಗೆ ಸರ್ಕಾರ ರಚಿಸಿದ ಅಂಗವಿಕಲತೆ ಸಂಶೋಧನಾ ಸಮಿತಿಯ ಮುಂಗಡ ಅನುಮತಿಯೂ ಬೇಕು. ಆ ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಸದಸ್ಯರು ಸ್ವತಃ ಅಂಗವಿಕಲರೋ ಅಂಗವಿಕಲರ ನೋಂದಾಯಿತ ಸಂಘಗಳವರೋ ಆಗಿರಬೇಕು. ಈ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ನಾನು ಓದಿದ ಪ್ರಬಂಧಗಳಲ್ಲಿ ಈ ಸೆಕ್ಷನ್‌ನ ಹೆಸರು ಎತ್ತಿದ್ದು ನೋಡಿಲ್ಲ.

ಇನ್ನೊಂದು ವಿಷಯ. ಹದಿನೆಂಟು ತುಂಬಿದವರ ಪರವಾಗಿ ತಾಯಿ ಅಥವಾ ತಂದೆ ಸಹಿ ಹಾಕಿದರೆ ಮುಗಿಯಿತು ಅಂತ ಎಲ್ಲರೂ ತಿಳಿದಿದ್ದಾರೆ. ಹದಿನೆಂಟರ ನಂತರ ಹೆತ್ತವರು ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ನಮ್ಮವರು ನ್ಯಾಷನಲ್ ಟ್ರಸ್ಟ್ ಅನ್ನುತ್ತಾರೆ, ಅದರಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಹಾಗೆ ಪಡೆದವರಿದ್ದರೂ, 2016ರ ಕಾಯ್ದೆಯ ದೃಷ್ಟಿಯಲ್ಲಿ ಪೋಷಕರು ಇರುವುದು ಆ ವ್ಯಕ್ತಿಯ ಇಚ್ಛೆಯಂತೆ, ಅವರ ಜೊತೆ ಸೇರಿ ತೀರ್ಮಾನ ಮಾಡುವುದಕ್ಕೆ. ತಾಯಿಯ ಹೆಬ್ಬೆಟ್ಟು ಇಂಗ್ಲಿಷ್ ಫಾರ್ಮಿನ ಮೇಲೆ ಒತ್ತಿಸಿ, ಮಗಳನ್ನು ಒಂದು ಮಾತೂ ಕೇಳದೆ ಬರುವುದಕ್ಕೆ ಒಪ್ಪಿಗೆ ಅಂತ ಹೇಗೆ ಕರೆಯುವುದು?

ಒಪ್ಪಿಗೆಯನ್ನು ತಿಳಿಯುವ ಹಾಗೆ ಕೇಳುವುದು ಕಷ್ಟದ ಕೆಲಸ ಏನಲ್ಲ, ಸಮಯ ಬೇಡುವ ಕೆಲಸ. ನಾಲ್ಕು ಚಿತ್ರ ಸಾಕು: ನಾನು ಬರುತ್ತೇನೆ, ಮಾತಾಡುತ್ತೇವೆ, ಇದರಲ್ಲಿ ನಿನ್ನ ಧ್ವನಿ ಕೂಡುತ್ತದೆ, ಬೇಡ ಅಂದರೆ ನಿಲ್ಲಿಸುತ್ತೇವೆ. ರೆಕಾರ್ಡರ್ ಅವರ ಕೈಗೆ ಕೊಡಿ. ಒಂದು ಸಲ ಅವರೇ ಒತ್ತಿ, ತಮ್ಮ ಧ್ವನಿ ಕೇಳಿ ನಗಲಿ. ಆಮೇಲೆ, ನಾನು ಯಾಕೆ ಬಂದಿದ್ದೇನೆ ಹೇಳು ನೋಡೋಣ, ಅನ್ನಿ. ಅವರು ತಮ್ಮ ಮಾತಲ್ಲಿ ಹೇಳಿದರೆ ತಿಳಿದಿದೆ ಅಂತ ಅರ್ಥ. "ಪೆನ್ಷನ್ ಮಾಡಿಸ್ಲಿಕ್ಕೆ ಬಂದೀರಿ" ಅಂದರೆ ಇನ್ನೂ ತಿಳಿದಿಲ್ಲ. ನಮ್ಮ ಕಡೆ ಈ ಗೊಂದಲ ಬಹಳ. ಫೈಲ್ ಹಿಡಿದು ಯಾರು ಬಂದರೂ ಮಾಸಾಶನಕ್ಕೋ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿಗೋ ಬಂದವರು ಅಂತ ಮನೆಯವರು ತಿಳಿಯುತ್ತಾರೆ. ಬೇಡ ಅಂದರೆ ಮಾಸಾಶನ ನಿಂತು ಹೋದೀತು ಅಂತ ಹೆದರುತ್ತಾರೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಹೋದಾಗ ಈ ಭಯ ಇನ್ನೂ ಜಾಸ್ತಿ, ಯಾಕೆಂದರೆ ಕಾರ್ಡು, ಮಾಸಾಶನದ ಅರ್ಜಿ ಎಲ್ಲ ಅವರ ಕೈಯಿಂದಲೇ ಹೋಗುವುದು. ಹೇಳಿದರೂ ಹೇಳದಿದ್ದರೂ ಏನೂ ಸಿಗುವುದಿಲ್ಲ, ಏನೂ ಹೋಗುವುದಿಲ್ಲ ಅಂತ ಮೊದಲೇ ಬಿಡಿಸಿ ಹೇಳಬೇಕು.

ಒಮ್ಮೆ ಹೂಂ ಅಂದರೆ ಕೊನೆಯವರೆಗೂ ಹೂಂ ಅಂತಲ್ಲ. ನಡುವೆ ಮುಖ ತಿರುಗಿಸಿದರೆ, ಎದ್ದು ನೀರು ಕುಡಿಯಲು ಹೋಗಿ ವಾಪಸ್ ಬರದಿದ್ದರೆ, ಓಢಣಿಯ ತುದಿ ಬಾಯಲ್ಲಿ ಹಾಕಿಕೊಂಡು ಸುಮ್ನೆ ಆದರೆ ಅದು ಸಾಕು ಅನ್ನುವ ಮಾತು. ಬಾಯಿಬಿಟ್ಟು ಬೇಡ ಅನ್ನುವುದನ್ನು ಇವರಿಗೆ ಬಹಳ ಜನ ಕಲಿಸಿರುವುದಿಲ್ಲ. ಮನೆಯಲ್ಲಿ, ಶಾಲೆಯಲ್ಲಿ ಹೇಳಿದ್ದು ಕೇಳಿದರೆ ಶಾಣ್ಯಾ ಅಂತ ಹೊಗಳಿಸಿಕೊಂಡು ಬೆಳೆದವರು ಇವರು.

ಅದಕ್ಕೇ ‘ಹೌದು’ ಅನ್ನುವ ಉತ್ತರದ ಬಗ್ಗೆ ಹುಷಾರಾಗಿರಬೇಕು. 1981ರಲ್ಲಿ ಅಮೆರಿಕದ ಸಂಶೋಧಕಿ ಕ್ಯಾರಲ್ ಸಿಗೆಲ್ಮನ್ ಮತ್ತು ಜೊತೆಗಾರರು ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದರು. ಒಂದಕ್ಕೊಂದು ವಿರುದ್ಧವಾದ ಎರಡು ಪ್ರಶ್ನೆ ಕೇಳಿದರೂ ಬಹಳ ಜನ ಎರಡಕ್ಕೂ ಹೌದು ಅಂದರು. ಸಂದೇಹ ಬಂದಾಗ, ಎದುರಿನವರನ್ನು ಮೆಚ್ಚಿಸಬೇಕು ಅನಿಸಿದಾಗ ಹೌದು ಅನ್ನುವುದು ಸುಲಭ. ಇದನ್ನು ಓದಿ ಕೆಲವರು, ನೋಡಿ, ಇವರ ಮಾತು ನಂಬುವ ಹಾಗಿಲ್ಲ, ಅಂತ ಪುಸ್ತಕ ಮುಚ್ಚುತ್ತಾರೆ. ಆ ಸಂಶೋಧಕರು ಅಲ್ಲಿಗೇ ನಿಲ್ಲಿಸಲಿಲ್ಲ. ಹೌದು ಅಥವಾ ಇಲ್ಲ ಅನ್ನುವ ಪ್ರಶ್ನೆ ಬಿಟ್ಟು ಇದಾ ಅದಾ ಅಂತ ಕೇಳಿದರೆ, ಅದರಲ್ಲೂ ಚಿತ್ರ ಇಟ್ಟು ಕೇಳಿದರೆ, ಉತ್ತರ ಹೆಚ್ಚು ಗಟ್ಟಿಯಾಗಿ ಬರುತ್ತದೆ ಅಂತಲೂ ಕಂಡುಕೊಂಡರು. ಬಾಯಲ್ಲೇ ಕೇಳಿದರೆ ಕೊನೆಗೆ ಹೇಳಿದ್ದನ್ನೇ ಆರಿಸುವ ರೂಢಿಯೂ ಕೆಲವರಿಗೆ ಇರುತ್ತದೆ. ಹಾಗಾಗಿ ಇನ್ನೊಂದು ದಿನ ಹಿಂದುಮುಂದು ಮಾಡಿ ಕೇಳಿ ನೋಡಬೇಕು. ಅದೇ ದಿನ, ಅದೇ ಕ್ಷಣ ಮತ್ತೆ ಕೇಳಬೇಡಿ. ಮೊದಲು ಹೇಳಿದ್ದು ತಪ್ಪಾಯಿತು ಅಂದುಕೊಂಡು ಉತ್ತರ ಬದಲಿಸುತ್ತಾರೆ.

‘ಯಾಕೆ’ ಅಂತ ಶುರುವಾಗುವ ಪ್ರಶ್ನೆಯೂ ನಮ್ಮವರಿಗೆ ಬೈಗುಳದ ಹಾಗೆ ಕೇಳಿಸುತ್ತದೆ. ಯಾಕೆ ಚೆಲ್ಲಿದೆ, ಯಾಕೆ ಹೋದೆ ಅಂತಲೇ ಅವರು ಅದನ್ನು ಕೇಳಿರುವುದು. ಅಲ್ಲಿ ಏನಾಯಿತು, ಆಮೇಲೆ ಏನಾಯಿತು ಅಂದರೆ ಹೇಳುತ್ತಾರೆ. ಎಷ್ಟು ವರ್ಷದಿಂದ, ತಿಂಗಳಿಗೆ ಎಷ್ಟು ಸಲ ಅನ್ನುವುದೂ ಹಾಗೇ ಕಷ್ಟ. ಕಾಲವನ್ನು ಕ್ಯಾಲೆಂಡರಿನಲ್ಲಿ ಹಿಡಿಯಲು ಬಾರದವರು ಹಬ್ಬದಲ್ಲಿ ಹಿಡಿದಿರುತ್ತಾರೆ. ಶರಣಬಸಪ್ಪನ ತೇರು ಎಳೆಯುವಾಗ ಎಲ್ಲಿದ್ದೆ, ಬಂದೇನವಾಜ್ ದರ್ಗಾದ ಉರುಸಿಗೆ ಯಾರ ಜೊತೆ ಹೋಗಿದ್ದೆ, ಎಳ್ಳಮಾಸಿಗೆ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ಈ ಕೆಲಸ ಇತ್ತಾ, ತೊಗರಿ ರಾಶಿ ಮಾಡುವಾಗ ಇತ್ತಾ ಅಂತ ಕೇಳಿ. ನನ್ನ ಹತ್ತಿರ ಕಲಿಯುವ ಒಬ್ಬ ಹೆಣ್ಣುಮಗಳಿಗೆ ತನ್ನ ವಯಸ್ಸು ಗೊತ್ತಿಲ್ಲ. ಯಾವ ಎಳ್ಳಮಾಸಿಗೆ ಯಾರು ಮನೆಗೆ ಬಂದಿರಲಿಲ್ಲ, ಯಾರ ಜೊತೆ ಜಗಳ ಆಗಿತ್ತು ಅಂತ ಒಂದೊಂದಾಗಿ ಹೇಳುತ್ತಾಳೆ. ಬೆಂಗಳೂರಿನಲ್ಲೋ ಇಂಗ್ಲಿಷಿನಿಂದಲೋ ತಯಾರಾಗಿ ಬಂದ ಪ್ರಶ್ನಾವಳಿಗೆ ಇದೆಲ್ಲ ಗೊತ್ತಿರುವುದಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೆ ಗೊತ್ತಿದೆ, ಅವರೂ ಇದೇ ಊರುಗಳ ಮಕ್ಕಳು. ಮನೆಮಾತು ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಆಗಿದ್ದರೆ ಆ ಮಾತಾಡುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ.

ಜೊತೆಗೆ ಬಂದವರು ಉತ್ತರ ಕೊಡಬಾರದು. ಇದನ್ನು ಶಿಕ್ಷಕಿಯಾಗಿ ನನ್ನಂಥವರಿಗೂ ಸೇರಿಸಿಯೇ ಹೇಳುತ್ತಿದ್ದೇನೆ. ಮಾತು ಬಿಡಿಸಿ ಹೇಳಬಹುದು, ಸನ್ನೆಯ ಅರ್ಥ ಹೇಳಬಹುದು. ಬರೆದುಕೊಳ್ಳುವಾಗ ಯಾವ ಮಾತು ಯಾರದು ಅಂತ ಬೇರೆ ಬೇರೆ ಬರೆಯಬೇಕು. ಜಾಗವೂ ಮುಖ್ಯ. ಶಾಲೆಯ ಹೆಡ್‌ಮಾಸ್ತರರ ಕೋಣೆಯಲ್ಲಿ ಕೂರಿಸಿ, ಶಾಲೆ ಹೇಗಿದೆ ಅಂದರೆ ಯಾರು ತಾನೇ ಬಾಯಿಬಿಡುತ್ತಾರೆ? ಬೇಸಿಗೆಯಲ್ಲಿ ಬಂದರೆ ಬೆಳಗ್ಗೆಯೇ ಮುಗಿಸಿ. ನಮ್ಮ ಬಿಸಿಲಲ್ಲಿ ಹನ್ನೊಂದರ ಮೇಲೆ ಯಾರಿಗೂ ತಾಳ್ಮೆ ಉಳಿಯುವುದಿಲ್ಲ.

ಸಂದರ್ಶನ ಮುಗಿದ ಮೇಲೆ ವಿದ್ಯಾರ್ಥಿಗಳು ಬೇಸರದಿಂದ ನನ್ನ ಹತ್ತಿರ ಬರುತ್ತಾರೆ. ಮೇಡಂ, ಎರಡು ಪುಟವೂ ಆಗಲಿಲ್ಲ, ಒಂದೊಂದೇ ಶಬ್ದ ಹೇಳುತ್ತಾರೆ, ಇದನ್ನು ಗೈಡ್ ಒಪ್ಪುವುದಿಲ್ಲ, ಅನ್ನುತ್ತಾರೆ. ಗುರುಗಳೇ, ಇಲ್ಲಿ ನಿಮ್ಮ ಬೆಂಬಲ ಬೇಕು. ಇಂಗ್ಲೆಂಡಿನ ಸಂಶೋಧಕರಾದ ಟಿಮ್ ಬೂತ್ ಮತ್ತು ವೆಂಡಿ ಬೂತ್ 1996ರಲ್ಲಿ ಇದೇ ವಿಷಯ ಬರೆದರು. ಒಂದೊಂದೇ ಶಬ್ದದಲ್ಲಿ ಉತ್ತರ ಕೊಡುವ ಯುವಕನ ಜೊತೆ ಕೂತು, ಅವನು ಏನು ಹೇಳುತ್ತಾನೆ, ಎಲ್ಲಿ ಸುಮ್ಮನಾಗುತ್ತಾನೆ, ಯಾವುದಕ್ಕೆ ಇಲ್ಲ ಅನ್ನುತ್ತಾನೆ ಅನ್ನುವುದನ್ನೆಲ್ಲ ಕೂಡಿಸಿ ಅವನ ಕಥೆ ಕಟ್ಟಬಹುದು ಅಂತ ತೋರಿಸಿದರು. ಮಾತು ಬರದವರ ಕೊರತೆಯನ್ನಷ್ಟೇ ನೋಡುತ್ತೇವೆ, ಕೇಳುವ ನಮ್ಮ ವಿಧಾನದ ಕೊರತೆಯನ್ನೂ ನೋಡಬೇಕು ಅನ್ನುವುದು ಅವರ ವಾದ. ಮೌನ, ಸನ್ನೆ, ನಗು, ಎದ್ದು ಹೋದದ್ದು ಎಲ್ಲವನ್ನೂ ಬರೆದುಕೊಂಡರೆ ಎರಡು ಪುಟ ಆರು ಪುಟ ಆಗುತ್ತದೆ. ಉದ್ದ ಉದ್ದ ಮಾತಾಡುವವರನ್ನು ಮಾತ್ರ ಆರಿಸಿದರೆ ನಿಮ್ಮ ಅಧ್ಯಯನದಲ್ಲಿ ಚುರುಕಾದ ಕೆಲವರೇ ಮತ್ತೆ ಮತ್ತೆ ಬರುತ್ತಾರೆ. ನನ್ನ ಹತ್ತಿರವೂ ಸಂಶೋಧಕರು ಬಂದು ‘ಚೆನ್ನಾಗಿ ಮಾತಾಡುವವರು ಇದ್ದಾರಾ’ ಅಂತಲೇ ಕೇಳುತ್ತಾರೆ.

ಮಾತೇ ಇಲ್ಲದವರೂ ಇದ್ದಾರೆ. ತೀವ್ರ ಅಂಗವೈಕಲ್ಯ ಇರುವವರ ಜೊತೆ ಯಾವ ಚಿತ್ರ ಇಟ್ಟರೂ ಸಂದರ್ಶನ ಅನ್ನುವುದು ಆಗದೇ ಇರಬಹುದು. ಆಗ ಅವರ ಜೊತೆ ದಿನ ಕಳೆದು ನೋಡಿ. ಯಾರು ಬಂದರೆ ಮುಖ ಅರಳುತ್ತದೆ, ಯಾರು ಮುಟ್ಟಿದರೆ ಮೈ ಬಿಗಿಯುತ್ತದೆ ಅನ್ನುವುದನ್ನು ಬರೆಯಿರಿ. ಅವರು ಹೀಗೆ ಹೇಳಿದರು ಅಂತ ಬರೆಯಬೇಡಿ, ನಾವು ಹೀಗೆ ಕಂಡೆವು ಅಂತ ಬರೆಯಿರಿ.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದಾದ ಮೇಲಿನ ವಿಷಯ. ಖಾನಾವಳಿಯ ಯುವಕ ನೋಟಿನ ವಿಷಯ ಹೇಳಿದ ಮೇಲೆ, "ಅಣ್ಣಗ ಹೇಳಬ್ಯಾಡ" ಅಂದ. ಆ ವಿದ್ಯಾರ್ಥಿನಿಗೆ ದಿಕ್ಕು ತೋಚಲಿಲ್ಲ. ಹೇಳಿದರೆ ಅವನ ಮಾತು ಮುರಿದ ಹಾಗೆ, ಸುಮ್ಮನಿದ್ದರೆ ಅನ್ಯಾಯ ನೋಡಿ ಬಂದ ಹಾಗೆ. ಅವಳ ವಿಭಾಗದಲ್ಲಿ ಕೇಳಿದರೆ, ಅದು ನಿನ್ನ ವಿಷಯದ ವ್ಯಾಪ್ತಿಗೆ ಬರುವುದಿಲ್ಲ ಅಂದರಂತೆ. ಇವರು ಬಾಯಿಬಿಟ್ಟಾಗ ದುಡ್ಡಿನ ಮೋಸ ಹೊರಬರುತ್ತದೆ, ಹೊಡೆತ ಬರುತ್ತದೆ, ಹೆಣ್ಣುಮಕ್ಕಳಾದರೆ ಅದಕ್ಕಿಂತ ಕೆಟ್ಟದ್ದೂ ಬರುತ್ತದೆ. ಹದಿನೆಂಟರ ಕೆಳಗಿನವರು ಲೈಂಗಿಕ ದೌರ್ಜನ್ಯದ ಮಾತು ಹೇಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ತಿಳಿದವರು ತಿಳಿಸಲೇಬೇಕು. ದೊಡ್ಡವರ ವಿಷಯದಲ್ಲಿ 2016ರ ಕಾಯ್ದೆಯ 7ನೇ ಸೆಕ್ಷನ್ ಇದೆ, ಕಾರ್ಯನಿರ್ವಾಹಕ ದಂಡಾಧಿಕಾರಿಗೆ ದೂರು ಕೊಡಬಹುದು. ವಿದ್ಯಾರ್ಥಿ ಊರಿಗೆ ಹೊರಡುವ ಮುಂಚೆಯೇ ಇದೆಲ್ಲ ಅವರ ಕೈಯಲ್ಲಿ ಬರವಣಿಗೆಯಲ್ಲಿ ಇರಬೇಕು. ‘ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ನಿನಗೆ ಯಾರಾದರೂ ನೋವು ಕೊಡುತ್ತಿದ್ದರೆ ಮಾತ್ರ ಒಬ್ಬರಿಗೆ ಹೇಳಬೇಕಾಗುತ್ತದೆ’ ಅಂತ ಅವರಿಗೂ ಮೊದಲೇ ಹೇಳಿರಬೇಕು.

ಪ್ರಬಂಧ ಬರೆಯುವಾಗಲೂ ಅಷ್ಟೇ ಎಚ್ಚರ ಬೇಕು. ಸಣ್ಣ ಊರಿನಲ್ಲಿ ಹೆಸರು ಬದಲಿಸಿದರೆ ಸಾಲದು. ‘ಇಂಥ ತಾಂಡಾದ, ತಂದೆ ಇಲ್ಲದ, ಇಪ್ಪತ್ತೈದರ ಯುವತಿ’ ಅಂದರೆ ಸುತ್ತ ನಾಲ್ಕು ಊರಿಗೆ ಅದು ಯಾರು ಅಂತ ಗೊತ್ತಾಗುತ್ತದೆ.

2011ರ ಜನಗಣತಿಯಲ್ಲಿ ದೇಶದಲ್ಲಿ ಇಂಥವರು ಸುಮಾರು 15 ಲಕ್ಷ ಅಂತ ಎಣಿಸಿದರು. ಆ ಎಣಿಕೆಯಲ್ಲೂ ಮನೆಯ ಬಾಗಿಲಲ್ಲಿ ಉತ್ತರ ಕೊಟ್ಟವರು ಹೆಚ್ಚಾಗಿ ಮನೆಯ ದೊಡ್ಡವರೇ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಗೆ ರೈಲು ಹತ್ತಿ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದ ಕುಟುಂಬಗಳು ನಮ್ಮಲ್ಲಿವೆ. ಬುದ್ಧಿಮಟ್ಟದ ಅಂಕ ಎಷ್ಟು ಅಂತ ಆ ಕಾಗದದಲ್ಲಿ ಇರುತ್ತದೆ. ಈ ಮನುಷ್ಯನಿಗೆ ಏನು ಬೇಕು ಅನ್ನುವುದನ್ನು ಯಾವ ಕಾಗದವೂ ಕೇಳಿರುವುದಿಲ್ಲ. ಸಂದರ್ಶನ ಮಾಡುವ ಸಂಶೋಧಕರು ಮಾತ್ರ ಅದನ್ನು ಕೇಳಬಲ್ಲರು. ನಮ್ಮ ಭಾಗದ ಬಗ್ಗೆ ದೂರದಲ್ಲಿ ಕೂತು, ನಮ್ಮನ್ನು ಕೇಳದೆ, ‘ಹಿಂದುಳಿದವರು’ ಅಂತ ವರದಿ ಬರೆದರೆ ನಮಗೆಲ್ಲ ಸಿಟ್ಟು ಬರುತ್ತದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಗಾಗಿ ಇಷ್ಟು ವರ್ಷ ನಾವೇ ಮಾತಾಡಿದ್ದೇವೆ, ನಮ್ಮ ಪರವಾಗಿ ಇನ್ನೊಬ್ಬರು ಮಾತಾಡಲಿ ಅಂತ ಕಾಯಲಿಲ್ಲ. ಆ ಸಿಟ್ಟು ಗೊತ್ತಿರುವ ನಾವು ನಮ್ಮ ನಡುವಿನ ಈ ಜನರನ್ನು ಕೇಳದೆ ಬರೆಯಬಾರದು.

ಮುಂದಿನ ಸಲ ಈ ವಿಷಯದ ಮೇಲೆ ಪ್ರಸ್ತಾವ ನಿಮ್ಮ ಟೇಬಲ್ಲಿಗೆ ಬಂದಾಗ, ಇವರನ್ನು ಹೇಗೆ ಕೇಳುತ್ತೀರಿ ಅನ್ನುವ ಪುಟ ಇಲ್ಲದಿದ್ದರೆ ದಯವಿಟ್ಟು ವಾಪಸ್ ಕಳಿಸಿ. ಆ ಪುಟದಲ್ಲಿ ಚಿತ್ರದ ಒಪ್ಪಿಗೆ ಪತ್ರ ಇರಲಿ, ಒಂದೇ ಭೇಟಿಯಲ್ಲಿ ಮುಗಿಸುವುದಿಲ್ಲ ಅನ್ನುವ ಮಾತು ಇರಲಿ, ಕೂಲಿ ಬಿಟ್ಟು ಕೂತವರಿಗೆ ಆ ಹೊತ್ತಿನ ಕೂಲಿ ಕೊಡುವ ಲೆಕ್ಕ ಇರಲಿ. ಸೆಕ್ಷನ್ 6ರ ಅನುಮತಿಯ ಪ್ರತಿಯನ್ನು ಪ್ರಬಂಧಕ್ಕೆ ಲಗತ್ತಿಸಲು ಹೇಳಿ. ಪ್ರಶ್ನೆಗಳನ್ನು ಊರಿಗೆ ಒಯ್ಯುವ ಮುಂಚೆ ಬೌದ್ಧಿಕ ಅಂಗವೈಕಲ್ಯ ಇರುವ ಒಬ್ಬಿಬ್ಬರ ಮುಂದಿಟ್ಟು, ತಿಳಿಯುತ್ತದಾ ಅಂತ ಕೇಳಿ ತಿದ್ದಲಿ. ಈ ಕೆಲಸಕ್ಕೂ ಅವರಿಗೆ ದುಡ್ಡು ಕೊಡಲಿ. ಪ್ರಬಂಧ ಮುಗಿದ ಮೇಲೆ ಏನು ಕಂಡುಕೊಂಡೆವು ಅಂತ ನಮ್ಮ ಕಡೆಯ ಮಾತಿನಲ್ಲಿ ಐದು ನಿಮಿಷದ ಧ್ವನಿ ಮುದ್ರಿಸಿ, ಮಾತಾಡಿದವರಿಗೆ ಹೋಗಿ ಕೇಳಿಸಿ ಬರಲಿ. ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನೆಲ್ಲ ಕಲಿಸಲು ಒಂದು ದಿನ ಕೊಟ್ಟರೆ ನಾನು ಬರುತ್ತೇನೆ. ನನ್ನ ಜೊತೆ ಸಂದರ್ಶನ ಕೊಟ್ಟು ಅನುಭವ ಇರುವ ಇಬ್ಬರು ಬರುತ್ತಾರೆ. ಎಂಥ ಪ್ರಶ್ನೆ ಬೇಡ ಅಂತ ಅವರೇ ಹೇಳುತ್ತಾರೆ.

ಇಂತಿ ನಿಮ್ಮ,
ಒಬ್ಬ ವಿಶೇಷ ಶಿಕ್ಷಕಿ
ಕಲಬುರಗಿ